ಕೆಟ್ಟಿದ್ದು ಯಂತ್ರವಲ್ಲ

ನಿಮ್ಮ ಬೀದಿಯಲ್ಲೂ ಒಬ್ಬ ಟೈಲರಮ್ಮ ಇದ್ದೇ ಇರುತ್ತಾಳೆ. ಅವಳು ಬಟ್ಟೆಯನ್ನು ಹೇಳಿದ ದಿನಕ್ಕೆ ಕೊಡದಿದ್ದರೆ ನೀವು ಏನೆನ್ನುತ್ತೀರಿ? "ಇವಳು ಮೊದಲಿನ ಹಾಗಿಲ್ಲ, ಸೊಕ್ಕು ಬಂದಿದೆ" ಎನ್ನುತ್ತೀರಿ. ಈ ಕಥೆಯ ಟೈಲರಮ್ಮನ ಬಗ್ಗೆಯೂ ಬೀದಿಯವರು ಹಾಗೇ ಆಡಿಕೊಂಡರು. ಅವಳ ಗಂಡ ಮಾತ್ರ ಹೆಂಡತಿಯನ್ನು ದೂರಲಿಲ್ಲ. ಅವನು ತಪ್ಪನ್ನೆಲ್ಲ ಹೊಲಿಗೆ ಯಂತ್ರದ ತಲೆಗೆ ಕಟ್ಟಿದ. ಕಟ್ಟದೆ ಇನ್ನೇನು ಮಾಡುತ್ತಾನೆ? ಅವನ ಕಸುಬೇ ಹೊಲಿಗೆ ಯಂತ್ರಗಳ ರಿಪೇರಿ.

ಎಲ್ಲರೂ ಅವನನ್ನು ಎಣ್ಣೆಯಣ್ಣ ಎಂದು ಕರೆಯುತ್ತಿದ್ದರು. ಕುಡಿತದಿಂದ ಬಂದ ಹೆಸರಲ್ಲ. ಅಂಗಿಯ ಜೇಬಿನಲ್ಲಿ ಸದಾ ಉದ್ದ ಮೂಗಿನ ಎಣ್ಣೆ ಡಬ್ಬಿ ಇರುತ್ತಿತ್ತು, ಅದಕ್ಕೆ. ಪಾಪ, ಹೊಸಬರು ಮಾತ್ರ ಹೆಸರು ಕೇಳಿ ಸ್ವಲ್ಪ ದೂರವೇ ನಿಲ್ಲುತ್ತಿದ್ದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಪಕ್ಕದ ಗೋಡೆಗೆ ಅವನ ಮೇಜು, ಎದುರು ಗೋಡೆಯ ಕಿಟಕಿಯ ಕೆಳಗೆ ಟೈಲರಮ್ಮನ ಯಂತ್ರ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಇಡೀ ದಿನ ಒಂದು ಮಾತಾಡದಿದ್ದರೂ ನಡೆಯುತ್ತಿತ್ತು, ಏಕೆಂದರೆ ಅವಳ ಪೆಡಲಿನ ಸದ್ದೇ ಅವನಿಗೆ ಮಾತು. ಅವಳು ಖುಷಿಯಾಗಿದ್ದರೆ ಸದ್ದು ಹಗುರವಾಗಿ ಓಡುತ್ತಿತ್ತು. ಅತ್ತೆಯ ಮೇಲೆ ಮುನಿಸಿದ್ದರೆ ಧಡಧಡ ಎನ್ನುತ್ತಿತ್ತು. ಅಂಗಿಗೆ ತೋಳು ಜೋಡಿಸುವಾಗ ಮೆಲ್ಲಗಾಗಿ, ಜೋಡಿಸಿದ ಮೇಲೆ ಮತ್ತೆ ಓಡುತ್ತಿತ್ತು. ಅವನು ತಿರುಗಿ ನೋಡದೆಯೇ, "ತೋಳು ಕೂತ್ಕೊಳ್ತಾ?" ಎಂದು ಕೇಳುತ್ತಿದ್ದ. "ಕೂತ್ಕೊಳ್ತು ರೀ" ಎನ್ನುತ್ತಿದ್ದಳು ಅವಳು.

ಒಂದು ಬೆಳಿಗ್ಗೆ ಆ ಸದ್ದು ಎಡವಿತು.

"ರೀ, ಪೆಡಲ್ ಯಾಕೋ ಭಾರ ಆಗಿದೆ" ಎಂದಳು ಟೈಲರಮ್ಮ.

"ಅಷ್ಟೇ ತಾನೆ? ಏಳು, ನೋಡ್ತೀನಿ." ಅವನು ಮಂಡಿಯೂರಿ ಕೂತು ಎಣ್ಣೆ ಬಿಟ್ಟ. ಕೈಯಲ್ಲಿ ಪೆಡಲ್ ಒತ್ತಿ ನೋಡಿದ. ಬೆಣ್ಣೆಯ ಹಾಗೆ ಆಡಿತು. "ಈಗ ಹೇಗಿದೆ?"

"ಹೂಂ, ಪರವಾಗಿಲ್ಲ."

ಪರವಾಗಿಲ್ಲ ಎನ್ನುವಂತೇನೂ ಇರಲಿಲ್ಲ. ಆದರೆ ಗಂಡ ಅಷ್ಟು ಆಸೆಯಿಂದ ಮುಖ ನೋಡುವಾಗ ಅವಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮತ್ತೆ ಭಾರವಾಯಿತು. ಅವನು ಬೆಲ್ಟ್ ಬದಲಾಯಿಸಿದ. ಮತ್ತೆ ಭಾರವಾಯಿತು. ಪೆಡಲಿನ ಕೀಲುಗಳನ್ನು ಬಿಚ್ಚಿ, ಉಜ್ಜಿ, ಹೊಸ ಬೋಲ್ಟ್ ಹಾಕಿದ. ಪ್ರತಿ ಸಲವೂ ಅವಳದು ಅದೇ ಮಾತು, "ಪರವಾಗಿಲ್ಲ". ಬಲಗಾಲು ಬಾರದಿದ್ದಾಗ ಎಡಗಾಲೊಂದರಲ್ಲೇ ತುಳಿಯುವುದನ್ನು ಅವಳು ಸದ್ದಿಲ್ಲದೆ ಕಲಿತುಬಿಟ್ಟಿದ್ದಳು. ನೋಡಿ, ಮನೆಯವರ ಪ್ರೀತಿಯೂ ಒಮ್ಮೊಮ್ಮೆ ರೋಗಕ್ಕೆ ಅಡಗಲು ಜಾಗ ಮಾಡಿಕೊಡುತ್ತದೆ. ಅವಳು ಗಂಡನನ್ನು ನೋಯಿಸಬಾರದೆಂದು ಸುಮ್ಮನಿದ್ದಳು. ಅವನು ಹೆಂಡತಿಗೆ ಕಷ್ಟವಾಗಬಾರದೆಂದು ಯಂತ್ರ ಬಿಚ್ಚುತ್ತಾ ಕೂತ.

ಕೊನೆಗೆ ಅವನು ಯಂತ್ರಕ್ಕೆ ಕರೆಂಟ್ ಮೋಟರ್ ಕೂಡಿಸಿದ. ಬಲಗಾಲಿನ ಕೆಳಗೆ ಒಂದು ಪುಟ್ಟ ಪೆಡಲ್. ಮುಟ್ಟಿದರೆ ಸಾಕು, ಝುಂ ಎಂದು ಓಡುತ್ತದೆ. ಹಳೆಯ ಬೆಲ್ಟನ್ನು ಬಿಚ್ಚಿ ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದ.

"ನೋಡು, ಇನ್ಮೇಲೆ ಮಹಾರಾಣಿ ಹಾಗೆ ಹೊಲಿ!" ಎಂದ.

ಮಹಾರಾಣಿ ನಕ್ಕಳು. ಆದರೆ ನಗು ಕಣ್ಣಿನವರೆಗೆ ಬರಲಿಲ್ಲ.

ಮೋಟರಿನ ಸದ್ದು ಯಾವಾಗಲೂ ಒಂದೇ. ಅವಳು ಖುಷಿಯಲ್ಲಿದ್ದಾಳೋ ಮುನಿದಿದ್ದಾಳೋ ಎಣ್ಣೆಯಣ್ಣನಿಗೆ ಈಗ ಗೊತ್ತಾಗುತ್ತಿರಲಿಲ್ಲ. ಬೆನ್ನ ಹಿಂದೆಯೇ ಕೂತ ಹೆಂಡತಿ ಎಲ್ಲೋ ದೂರದ ಊರಿಗೆ ಹೋದಂತೆ ಅನಿಸುತ್ತಿತ್ತು. ಬೇರೆಯವರ ಯಂತ್ರ ರಿಪೇರಿ ಮಾಡಿ ತುಳಿದು ನೋಡುವಾಗ ಆ ಹಳೆಯ ಸದ್ದು ಕಿವಿಗೆ ಬಿದ್ದರೆ, ಅವನು ಬೇಕೆಂದೇ ಇನ್ನಷ್ಟು ಹೊತ್ತು ತುಳಿಯುತ್ತಿದ್ದ. ಯಾರಿಗೆ ಹೇಳುವುದು? ತಾನೇ ಪ್ರೀತಿಯಿಂದ ಕೂಡಿಸಿದ ಮೋಟರ್ ಅದು.

ಇದರ ಜೊತೆಗೆ ಟೈಲರಮ್ಮನಿಗೆ ತಲೆನೋವು. ಯಾವಾಗ ಬಂದರೂ ತಲೆಯ ಎಡಗಡೆಯೇ. ನೋವು ಹೆಚ್ಚಾದರೆ ಕೈಗೆ ಸಿಕ್ಕ ಅಳತೆ ಟೇಪನ್ನೇ ಹಣೆಗೆ ಬಿಗಿದು ಕಟ್ಟಿಕೊಂಡು ಹೊಲಿಯುತ್ತಿದ್ದಳು.

"ಕೂತು ಕೂತು ಕಾಲು ಜೋಮು ಹಿಡಿದಿದೆ, ಸೂಜಿ ನೋಡಿ ನೋಡಿ ತಲೆ ನೋವು ಬಂದಿದೆ" ಎಂದು ಅತ್ತೆ ತೀರ್ಪು ಕೊಟ್ಟಳು. "ಬಿಸಿನೀರಲ್ಲಿ ಕಾಲಿಡು, ಎಲ್ಲಾ ಸರಿಹೋಗುತ್ತೆ. ನಮ್ಮ ಕಾಲದಲ್ಲಿ ನಾವೇನು ಆಸ್ಪತ್ರೆ ನೋಡಿದ್ವಾ?"

ಸೊಸೆ ಬಿಸಿನೀರಲ್ಲಿ ಕಾಲಿಟ್ಟಳು. ನೀರು ತಣ್ಣಗಾಯಿತು, ಅಷ್ಟೇ.

ಹೀಗಿರುವಾಗ ಆರೋಗ್ಯ ಕೇಂದ್ರದ ನರ್ಸಕ್ಕ ತನ್ನ ಬಿಳಿ ಕೋಟನ್ನು ಒಯ್ಯಲು ಬಂದಳು. ಕೋಟು ಆಗಿರಲಿಲ್ಲ. "ಕೂತ್ಕೊಳ್ಳಿ ಅಕ್ಕಾ, ಜೇಬು ಒಂದು ಬಾಕಿ" ಎಂದು ಟೈಲರಮ್ಮ ಹೊಲಿಯತೊಡಗಿದಳು. ಜೇಬು ಮುಗಿಯಿತು, ಅವಳು ಬಟ್ಟೆ ತೆಗೆದಳು. ಯಂತ್ರ ಮಾತ್ರ ನಿಲ್ಲಲಿಲ್ಲ. ಝುಂ ಎಂದು ಓಡಿತು, ನಿಂತಿತು, ಮತ್ತೆ ಓಡಿತು. ಸೂಜಿ ಅವಳ ಬೆರಳ ಪಕ್ಕದಲ್ಲೇ ಬರಿದೇ ಕುಣಿಯಿತು.

"ರೀ, ನಾನಲ್ಲ ಇದು! ತಾನಾಗೇ ಓಡ್ತಿದೆ!"

ಎಣ್ಣೆಯಣ್ಣ ಓಡಿಬಂದು ಸ್ವಿಚ್ ಆರಿಸಿ ಮೇಜಿನ ಕೆಳಗೆ ತೂರಿದ. "ವೈರ್ ಎಲ್ಲೋ ಲೂಸಾಗಿದೆ. ನಿನ್ನೆನೂ ಹೀಗೇ ಆಯ್ತು. ಕಳಪೆ ಮಾಲು ಕೊಟ್ಟುಬಿಟ್ಟ ಆ ಅಂಗಡಿಯವನು."

ನರ್ಸಕ್ಕನೂ ಬಗ್ಗಿ ನೋಡಿದಳು. ಅವಳು ನೋಡಿದ್ದು ವೈರನ್ನಲ್ಲ. ಕರೆಂಟ್ ನಿಂತಿದ್ದರೂ ಟೈಲರಮ್ಮನ ಬಲಗಾಲಿನ ಹೆಬ್ಬೆರಳು ಪಟಪಟ ಹೊಡೆದುಕೊಳ್ಳುತ್ತಿತ್ತು.

"ವೈರ್ ಬಿಡಿ ಅಣ್ಣಾ. ಕಾಲು ನೋಡಿ."

ಅವನು ನೋಡಿದ. ಹೆಂಡತಿ ಎರಡೂ ಕೈಯಲ್ಲಿ ಮಂಡಿ ಅದುಮಿ ಹಿಡಿದರೂ ಬೆರಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ನಿಂತಿತು. ಆಮೇಲೆ ಆ ಕಾಲು ಮರದ ತುಂಡಿನ ಹಾಗೆ ಸುಮ್ಮನಾಯಿತು.

ನರ್ಸಕ್ಕ ಬಾಗಿಲ ಬಳಿ ಹೋಗಿ ಟೈಲರಮ್ಮನ ಚಪ್ಪಲಿ ತಂದಳು. ಎರಡನ್ನೂ ತಿರುಗಿಸಿ ಹಿಡಿದಳು. ಎಡಗಾಲಿನದು ಹೊಸದರ ಹಾಗಿತ್ತು. ಬಲಗಾಲಿನದು ತುದಿಯಲ್ಲಿ ಸವೆದು ತೂತಾಗಿತ್ತು.

"ಕಾಲು ಎಳೆದು ನಡೀತಿದ್ದೀಯ ತಾಯಿ. ಎಷ್ಟು ದಿನದಿಂದ?"

ಟೈಲರಮ್ಮ ಗಂಡನ ಮುಖ ನೋಡಿದಳು. "ಪೆಡಲ್ ಭಾರ ಆದಾಗಿಂದ. ಆಮೇಲೆ ತಲೆ ಎಡಗಡೆ ನೋವೂ ಶುರುವಾಯ್ತು" ಎಂದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

"ಕಾಲಿಗೆ ಏನಾದ್ರೂ ಮುಲಾಮು ಕೊಡಿ ಅಕ್ಕಾ" ಎಂದ ಎಣ್ಣೆಯಣ್ಣ.

"ಕಾಲಲ್ಲಿ ಏನೂ ಇಲ್ಲದೇ ಇರಬಹುದು. ಬಲಗಾಲಿಗೆ ಅಪ್ಪಣೆ ಕೊಡೋದು ತಲೆಯ ಎಡಭಾಗ. ಒಂದೇ ಕಡೆ ತಲೆನೋವು, ಒಂದೇ ಕಾಲು ಸೋಲೋದು, ತಾನಾಗಿ ಅದುರೋದು, ಇವು ಮೂರೂ ಕೂಡಿ ಬಂದಿವೆ. ತಲೆ ಸ್ಕ್ಯಾನ್ ಆಗಲೇಬೇಕು."

"ಕಾಲು ಎಲ್ಲಿ, ತಲೆ ಎಲ್ಲಿ?" ಎಂದು ಅತ್ತೆ ಒಳಗಿನಿಂದ ಮೂಗು ತೂರಿಸಿದಳು.

"ದೀಪ ಎಲ್ಲಿ, ಸ್ವಿಚ್ ಎಲ್ಲಿ ಅಜ್ಜಿ? ದೀಪ ಮಿಣುಕಿದ್ರೆ ಬಲ್ಬನ್ನೇ ಬೈತೀರಾ?" ಎಂದಳು ನರ್ಸಕ್ಕ. ಆಮೇಲೆ ಎಣ್ಣೆಯಣ್ಣನ ಕಡೆ ತಿರುಗಿದಳು. "ನಾಳೆ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಅಷ್ಟರೊಳಗೆ ಇದ್ದಕ್ಕಿದ್ದ ಹಾಗೆ ಯಾವತ್ತೂ ಬರದಂಥ ತಲೆನೋವು ಬಂದ್ರೆ, ಮಾತು ತೊದಲಿದ್ರೆ, ಪ್ರಜ್ಞೆ ತಪ್ಪಿದ್ರೆ, ಬೆಳಗಾಗೋವರೆಗೂ ಕಾಯಬೇಡಿ, ಆಗಲೇ ಹೊರಡಿ. ಈ ಅದುರೋದೂ ಒಂಥರಾ ಫಿಟ್ಸೇ ಇರಬಹುದು. ಮೈಯೆಲ್ಲಾ ಅದುರಿದ್ರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಇವತ್ತಿನಿಂದ ಸೂಜಿ ಮುಂದೆ ಕೂರೋದು ಬೇಡ."

ಸೂಜಿ ಮುಂದೆ ಕೂರಬೇಡ ಎಂದಾಗ ಟೈಲರಮ್ಮನ ಕಣ್ಣು ಮೊಳೆಯ ಮೇಲಿದ್ದ ಬೆಲ್ಟಿನ ಕಡೆ ಹೋದದ್ದನ್ನು ಗಂಡ ನೋಡಿದ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ತೊಡೆಯ ನಾಳದಿಂದ ಸಣ್ಣ ನಳಿಕೆ ಕಳಿಸಿ, ತಲೆಯ ರಕ್ತನಾಳಗಳ ಚಿತ್ರವನ್ನೂ ತೆಗೆದರು. ಮಿದುಳಿನ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಆ ಚಿತ್ರ ತೋರಿಸಿದಳು. ಕೊಂಬೆಗಳ ಹಾಗೆ ಹರಡಿದ ನಾಳಗಳ ನಡುವೆ ಒಂದು ಕಡೆ ಕಪ್ಪು ಸಿಕ್ಕು.

"ಬಾಬಿನ್ ಕೆಳಗೆ ದಾರ ಸಿಕ್ಕಿಹಾಕ್ಕೊಂಡ ಹಾಗಿದೆ" ಎಂದ ಎಣ್ಣೆಯಣ್ಣ.

"ಸರಿಯಾಗಿ ಹೇಳಿದ್ರಿ. ರಕ್ತ ದೊಡ್ಡ ನಾಳದಿಂದ ಸಣ್ಣ ಸಣ್ಣ ನಾಳಗಳಿಗೆ ಹಂಚಿ ಹೋಗಬೇಕು. ಇಲ್ಲಿ ಹಂಚದೆ, ಈ ಸಿಕ್ಕಿನೊಳಗೆ ನುಗ್ಗಿ ಸೀದಾ ವಾಪಸ್ ಹೋಗ್ತಿದೆ. ಪಕ್ಕದ ಭಾಗಕ್ಕೆ ಬೇಕಾದಷ್ಟು ಸಿಗ್ತಿಲ್ಲ. ಬಲಗಾಲನ್ನ ಆಡಿಸೋದು ಆ ಪಕ್ಕದ ಭಾಗವೇ. ಇಂಥ ಸಿಕ್ಕು ಸಾಮಾನ್ಯವಾಗಿ ಹುಟ್ಟಿನಿಂದಲೇ ಇರುತ್ತೆ. ಹೊಲಿದಿದ್ದಕ್ಕೆ ಬಂದಿದ್ದಲ್ಲ, ಯಾರ ತಪ್ಪೂ ಅಲ್ಲ."

ಟೈಲರಮ್ಮ ಮೊದಲ ಬಾರಿಗೆ ಬಾಯಿ ತೆರೆದಳು. "ಕಾಲು ವಾಪಸ್ ಬರುತ್ತಾ ಡಾಕ್ಟ್ರೇ?"

"ಬರೋ ಸಾಧ್ಯತೆ ಇದೆ. ಕೆಲವರ ಸಿಕ್ಕನ್ನ ಮುಟ್ಟದೆ ಗಮನಿಸ್ತಾ ಇರೋದೇ ಒಳ್ಳೇದು. ಕೆಲವರಿಗೆ ವಿಕಿರಣ ಕೊಡ್ತೀವಿ, ಅದು ಕೆಲಸ ಮಾಡೋಕೆ ವರ್ಷಗಳು ಬೇಕು. ನಿಮ್ಮದು ಕೈಗೆ ಸಿಗೋ ಜಾಗದಲ್ಲಿದೆ. ಮೊದಲು ನಳಿಕೆ ಮೂಲಕ ಅಂಟು ಬಿಟ್ಟು ಅದಕ್ಕೆ ಹೋಗೋ ರಕ್ತ ತಗ್ಗಿಸ್ತೀವಿ. ಆಮೇಲೆ ತಲೆ ತೆರೆದು ಸಿಕ್ಕನ್ನ ಬಿಡಿಸಿ ತೆಗೀತೀವಿ."

"ತೆರೆದು" ಎಂಬ ಮಾತಿಗೆ ಎಣ್ಣೆಯಣ್ಣನ ಜೀವ ಬಾಯಿಗೆ ಬಂತು. "ಗ್ಯಾರಂಟಿ ಕೊಡ್ತೀರಾ?" ಎಂದ. ಗಿರಾಕಿಗಳು ತನ್ನನ್ನು ಕೇಳುವ ಮಾತೇ ಅವನ ಬಾಯಿಂದ ಬಂದಿತ್ತು.

"ಇಲ್ಲ. ಕಾಲು ಇನ್ನೂ ಸೋಲಬಹುದು, ಜೀವಕ್ಕೂ ಅಪಾಯ ಇರಬಹುದು. ಮುಚ್ಚಿಟ್ಟು ಹೇಳಲ್ಲ. ಹಾಗೇ ಬಿಟ್ಟರೆ ಯಾವತ್ತಾದ್ರೂ ಅದು ಒಡೆದು ತಲೆಯೊಳಗೆ ರಕ್ತಸ್ರಾವ ಆಗಬಹುದು. ಎರಡನ್ನೂ ತೂಗಿ ನೋಡಿ."

ಫಿಟ್ಸ್ ತಡೆಯುವ ಮಾತ್ರೆ ಬರೆಸಿಕೊಂಡು, "ಯೋಚನೆ ಮಾಡಿ ಹೇಳ್ತೀವಿ" ಎಂದು ಅವನು ಹೆಂಡತಿಯನ್ನು ಮನೆಗೆ ಕರೆತಂದ. ಯೋಚನೆ ಏನೂ ಮಾಡಲಿಲ್ಲ. ಆಪರೇಷನ್ ಮಾಡಿಸುವುದಿಲ್ಲ ಎಂದು ಹಠ ಹಿಡಿದು ಕೂತ. ಅದಕ್ಕೆ ಕಾರಣ ಅವನ ಮೇಜಿನ ಕೆಳಗೇ ಇತ್ತು. ಪ್ರತಿ ರಿಪೇರಿ ಅಂಗಡಿಯಲ್ಲೂ ಅಂಥದ್ದೊಂದು ಇರುತ್ತದೆ. ಒಮ್ಮೆ ಬಿಚ್ಚಿ, ಎಲ್ಲ ಭಾಗಗಳನ್ನೂ ಮತ್ತೆ ಕೂಡಿಸಿದರೂ ಹೊಲಿಯಲೊಲ್ಲದ ಯಂತ್ರ. ಬಟ್ಟೆ ಮುಚ್ಚಿ ಇಟ್ಟಿದ್ದ. ಅದನ್ನು ನೋಡಿದಾಗಲೆಲ್ಲ ಅವನಿಗೆ ಹೆಂಡತಿಯ ತಲೆ ನೆನಪಾಗುತ್ತಿತ್ತು.

ಯಂತ್ರದ ಮುಂದೆ ಕೂರುವ ಹಾಗಿಲ್ಲದ ಟೈಲರಮ್ಮ ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದಳು. ಬೀದಿಯಲ್ಲಿ ಓಡಾಡುವವರ ಮುಖ ಬಿಟ್ಟು ಕಾಲು ನೋಡುತ್ತಿದ್ದಳು. ಬೇಗಬೇಗ ನಡೆಯುವವರು, ಗುಂಡಿ ದಾಟಿ ಹಾರುವವರು, ನಿಂತಲ್ಲೇ ತಾಳ ಹಾಕುವವರು. ಕಾಲು ಇರುವವರಿಗೆ ಅದರ ನೆನಪೇ ಇರುವುದಿಲ್ಲವಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ತನಗೂ ಒಮ್ಮೆ ಆ ನೆನಪಿರಲಿಲ್ಲ. ಹಾಗೆ ಮರೆತು ನಡೆಯುವುದು ಅವಳ ಆಸೆ, ಇನ್ನೇನೂ ಅಲ್ಲ.

ಒಂದು ಮಧ್ಯಾಹ್ನ ಅವಳೇ ಮಾತು ತೆಗೆದಳು. "ರೀ, ನಂಗೆ ಪೆಡಲ್ ತುಳೀಬೇಕು."

"ಕಾಲು ಒಂದು ಸ್ವಲ್ಪ ಸುಧಾರಿಸಲಿ, ಮೋಟರ್ ಇದೆಯಲ್ಲ ಮಾರಾಯ್ತಿ."

"ನಿಮ್ಮ ಮೋಟರ್ ಚೆನ್ನಾಗಿದೆ. ಆದರೆ ಅದು ಹೊಲಿಯುತ್ತೆ, ನಾನು ಬಟ್ಟೆ ಹಿಡ್ಕೊಂಡಿರ್ತೀನಿ, ಅಷ್ಟೇ." ಅವಳು ಮೊಳೆಯ ಮೇಲಿನ ಬೆಲ್ಟನ್ನು ಮುಟ್ಟಿದಳು. "ಮೊದಲು ನಾನು ತುಳೀತಿದ್ರೆ ನೀವು ಬೆನ್ನು ತಿರುಗಿಸಿಕೊಂಡೇ ತೋಳು ಕೂತ್ಕೊಳ್ತಾ ಅಂತ ಕೇಳ್ತಿದ್ರಿ. ಮೋಟರ್ ಬಂದ್ಮೇಲೆ ಒಂದು ದಿನಾನೂ ಕೇಳಿಲ್ಲ."

ಎಣ್ಣೆಯಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟ. ಪೆಡಲಿನ ಆ ಸದ್ದಿಗೆ ತಾನೊಬ್ಬನೇ ಹಂಬಲಿಸುತ್ತಿದ್ದೇನೆ ಎಂದು ಅವನು ಅಂದುಕೊಂಡಿದ್ದ.

"ಹೆದರಿಕೆ ಆಗುತ್ತೆ ಕಣೇ" ಎಂದ ಕೊನೆಗೆ. "ಬಿಚ್ಚಿದ್ದೆಲ್ಲ ಸರಿಹೋಗಲ್ಲ. ಈ ಮೇಜಿನ ಕೆಳಗಿರೋದನ್ನ ನೋಡು."

"ಅದು ಯಾಕೆ ಸರಿಹೋಗಲಿಲ್ಲ?"

"ಆ ಥರದ್ದು ನಾನು ಅದಕ್ಕೆ ಮುಂಚೆ ನೋಡೇ ಇರಲಿಲ್ಲ."

"ಡಾಕ್ಟರಮ್ಮ ನೋಡಿದ್ದಾರೋ ಇಲ್ವೋ, ಕೇಳಿದ್ರಾ?"

ಕೇಳಿರಲಿಲ್ಲ. ಹೆದರಿಕೆಯಲ್ಲಿ ಕೇಳಬೇಕಾದ್ದನ್ನು ಕೇಳದೆ ಓಡಿಬಂದಿದ್ದ.

ಅವನು ನರ್ಸಕ್ಕನ ಬಳಿ ಹೋದ. "ಡಾಕ್ಟರನ್ನ ಹಾಗೆಲ್ಲ ಕೇಳಬಹುದಾ ಅಕ್ಕಾ? ಕೋಪ ಮಾಡ್ಕೊಂಡ್ರೆ?"

"ಮಿಷನ್ ಕೊಡೋಕೆ ಬಂದೋರು ನಿಮ್ಮನ್ನ ನೂರೆಂಟು ಪ್ರಶ್ನೆ ಕೇಳಲ್ವಾ? ತಲೆ ಕೊಡೋರು ಕೇಳಬಾರದಾ? ಬೇಕಾದ್ರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯನೂ ಕೇಳಿ. ಅದು ನಿಮ್ಮ ಹಕ್ಕು."

ಅವನು ದೊಡ್ಡಾಸ್ಪತ್ರೆಗೆ ಮರಳಿ ಹೋಗಿ ಕೇಳಿದ. ಇಂಥ ಸಿಕ್ಕುಗಳನ್ನು ಮೊದಲು ತೆಗೆದಿದ್ದೀರಾ, ಯಾರಿಗೆ ಸರಿಹೋಯಿತು, ಯಾರಿಗೆ ಹೋಗಲಿಲ್ಲ, ಏಕೆ ಹೋಗಲಿಲ್ಲ. ಡಾಕ್ಟರಮ್ಮ ಕೋಪಿಸಿಕೊಳ್ಳಲಿಲ್ಲ. ಕಾಲು ಮರಳಿದವರ ಬಗ್ಗೆ ಹೇಳಿದಳು, ಮರಳದೆ ಹೋದವರ ಬಗ್ಗೆಯೂ ಹೇಳಿದಳು. ಕೆಟ್ಟದ್ದನ್ನೂ ಬಾಯಿಬಿಟ್ಟು ಹೇಳುವವಳನ್ನು ನಂಬಬಹುದು ಎಂದು ಆ ರಿಪೇರಿಯವನಿಗೆ ಅನಿಸಿತು. ಇನ್ನೊಬ್ಬ ಡಾಕ್ಟರೂ ಅದೇ ಮಾತು ಹೇಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಹೂಂ ಎಂದರು.

ಅಂಟು ಬಿಡುವ ಕೆಲಸ ಸಲೀಸಾಗಿ ಮುಗಿಯಿತು. ತಲೆ ತೆರೆದ ದಿನ ಎಣ್ಣೆಯಣ್ಣ ಹೊರಗಿನ ಬೆಂಚಿನ ಮೇಲೆ ಕೂರಲಾರದೆ ಕೂತಿದ್ದ. ಒಳಬಾಗಿಲು ತೆರೆದಾಗಲೆಲ್ಲ ಕಿರ್ರೆನ್ನುತ್ತಿತ್ತು, ಅವನ ಎದೆಯೂ ಕಿರ್ರೆನ್ನುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದು, ಜೇಬಿನ ಡಬ್ಬಿ ತೆಗೆದು, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟ. "ಇಲ್ಲೂ ನಿನ್ನ ಕೈ ಸುಮ್ಮನಿರಲ್ಲ" ಎಂದು ತಾಯಿ ಬೈದಳು. ಬೈಯುತ್ತಲೇ ಅವನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡಳು. ಡಾಕ್ಟರಮ್ಮ ಆ ಬಾಗಿಲಿಂದ ಬಂದಾಗ ಸದ್ದೇ ಆಗಲಿಲ್ಲ. "ಸಿಕ್ಕು ಪೂರ್ತಿ ಬಂತು" ಎಂದಳು.

ಆದರೆ ಎಚ್ಚರವಾದ ಟೈಲರಮ್ಮನ ಬಲಗಾಲು ಒಂಚೂರೂ ಆಡಲಿಲ್ಲ. ಮೊದಲು ಎಳೆದುಕೊಂಡಾದರೂ ನಡೆಯುತ್ತಿದ್ದ ಕಾಲು ಈಗ ಹಾಸಿಗೆಯ ಮೇಲೆ ಬಿದ್ದಿತ್ತು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಎಣ್ಣೆಯಣ್ಣನಿಗೆ ಮೇಜಿನ ಕೆಳಗಿನ ಯಂತ್ರವೇ ಕಣ್ಣ ಮುಂದೆ ಬಂತು.

"ಒಳಗೆ ಊತ ಇದೆ. ಮೊದಲ ದಿನಗಳಲ್ಲಿ ಹೀಗಾಗೋದುಂಟು ಅಂತ ಮೊದಲೇ ಹೇಳಿದ್ದೆ" ಎಂದಳು ಡಾಕ್ಟರಮ್ಮ. "ಊತ ಇಳೀಲಿ. ಇನ್ನು ಅರ್ಧ ಕೆಲಸ ವ್ಯಾಯಾಮದ್ದು."

ವ್ಯಾಯಾಮ ಮಾಡಿಸುವವಳು ದಿನವೂ ಬಂದು ಕಾಲನ್ನು ಮಡಿಸಿ, ಚಾಚಿ, "ಹೆಬ್ಬೆರಳು ಎತ್ತಿ" ಎನ್ನುತ್ತಿದ್ದಳು. ಬೆರಳು ಏಳುತ್ತಿರಲಿಲ್ಲ. "ಮನಸ್ಸಿನಲ್ಲಾದರೂ ಎತ್ತಿ" ಎನ್ನುತ್ತಿದ್ದಳು. ಟೈಲರಮ್ಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪೆಡಲ್ ತುಳಿದಳು. ಕಿಟಕಿಯ ಬೆಳಕು, ಮಡಿಲಲ್ಲಿ ಬಟ್ಟೆ, ಬೆನ್ನ ಹಿಂದೆ ಗಂಡನ ಸುತ್ತಿಗೆಯ ಸಣ್ಣ ಸದ್ದು, ಎಲ್ಲವನ್ನೂ ನೆನೆದು ತುಳಿದಳು. ಹೀಗೇ ತುಳಿಯುತ್ತಿದ್ದ ಒಂದು ದಿನ ಎಣ್ಣೆಯಣ್ಣ, "ಏ! ಏ!" ಎಂದು ಕೂಗಿದ. ಹೆಬ್ಬೆರಳು ಎದ್ದಿತ್ತು. ಹೇಳದೆ ಕುಣಿದು ಹೆದರಿಸಿದ ಆ ಬೆರಳು ಈಗ ಹೇಳಿದ ಮಾತು ಕೇಳಿತ್ತು. ಗಂಡ ಹೆಂಡತಿ ಇಬ್ಬರೂ ಅದನ್ನೇ ನೋಡುತ್ತಾ ಅತ್ತರು.

ಮನೆಗೆ ಬಂದ ಮೇಲೂ ಸುಲಭವಾಗಿರಲಿಲ್ಲ. ತಿಂಗಳುಗಟ್ಟಲೆ ವ್ಯಾಯಾಮ ನಡೆಯಿತು, ತಪ್ಪದೆ ಮಾತ್ರೆ, ಹೇಳಿದ ದಿನ ಹೋಗಿ ತಪಾಸಣೆ. ಗೋಡೆ ಹಿಡಿದು ನಡೆದಳು, ಗಂಡನ ಭುಜ ಹಿಡಿದು ನಡೆದಳು, ಆಮೇಲೆ ಬರಿಗೈಯಲ್ಲಿ ಬಾಗಿಲವರೆಗೆ ನಡೆದಳು. ಅತ್ತೆಯೇ ವ್ಯಾಯಾಮದ ಮೇಷ್ಟ್ರಾಗಿಬಿಟ್ಟಳು. "ಏನು, ಆಗಲೇ ಸುಸ್ತಾ? ಎತ್ತು ಕಾಲು!" ಎಂದು ಗದರುವಳು. ಬಿಸಿನೀರಿನ ಮಾತು ಮತ್ತೆ ಎತ್ತಲಿಲ್ಲ.

ಫಿಟ್ಸ್ ಮತ್ತೆ ಬರದಿದ್ದುದನ್ನು ಕಂಡು ಡಾಕ್ಟರಮ್ಮ ಹೊಲಿಗೆಗೆ ಒಪ್ಪಿಗೆ ಕೊಟ್ಟಳು. "ಕಾಲಲ್ಲಿ ತುಳಿಯೋ ಮಿಷನ್ನಾದರೆ ಇನ್ನೂ ಒಳ್ಳೇದು, ಅದೇ ವ್ಯಾಯಾಮ" ಎಂದಳು ವ್ಯಾಯಾಮ ಮಾಡಿಸುವವಳು.

ಆ ಸಂಜೆಯೇ ಎಣ್ಣೆಯಣ್ಣ ಮೋಟರನ್ನು ಬಿಚ್ಚಿದ. ಮೊಳೆಯ ಮೇಲಿನ ಬೆಲ್ಟ್ ತೆಗೆದು, ಧೂಳು ಒರೆಸಿ, ಚಕ್ರಕ್ಕೆ ಹಾಕಿದ. ಟೈಲರಮ್ಮ ಕೂತು ಎರಡೂ ಪಾದಗಳನ್ನು ಪೆಡಲಿನ ಮೇಲಿಟ್ಟಳು. ಬಲಪಾದವನ್ನು ಇಡುವಾಗ ಕೈಯ ಸಹಾಯ ಬೇಕಾಗಲಿಲ್ಲ.

ಸದ್ದು ಶುರುವಾಯಿತು. ಒಂದು ಸಲ ಓಡಿತು, ತಡವರಿಸಿತು, ನಿಂತಿತು, ಮತ್ತೆ ಓಡಿತು. ಮೊದಲಿನ ಸದ್ದಲ್ಲ ಅದು, ಕುಂಟುವ ಸದ್ದು. ಅಭ್ಯಾಸಬಲ, ಎಣ್ಣೆಯಣ್ಣನ ಕೈ ಜೇಬಿನ ಡಬ್ಬಿಗೆ ಹೋಯಿತು.

"ರೀ, ಸುಮ್ಮನೆ ಕೂತ್ಕೊಳ್ಳಿ" ಎಂದಳು ಅವಳು. "ಮಿಷನ್ನಿಗೇನೂ ಆಗಿಲ್ಲ. ಇದು ನನ್ನ ಕಾಲು."

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ತನ್ನ ಜಾಗದಲ್ಲಿ ಬೆನ್ನು ತಿರುಗಿಸಿ ಕೂತ. ಸದ್ದು ಕುಂಟುತ್ತಾ ಕುಂಟುತ್ತಾ ಮೆಲ್ಲಗಾಯಿತು. ತೋಳು ಜೋಡಿಸುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ತಿರುಗಿ ನೋಡದೆಯೇ ಕೇಳಿದ.

"ತೋಳು ಕೂತ್ಕೊಳ್ತಾ?"

"ಇನ್ನೂ ಇಲ್ಲ ರೀ. ಕೂತ್ಕೊಳ್ಳುತ್ತೆ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದು ಟೈಲರಮ್ಮನ ಕಥೆಯಾಯಿತು. ಎಲ್ಲರಿಗೂ ಇದೇ ಚಿಕಿತ್ಸೆ ಬೇಕೆಂದಿಲ್ಲ, ಎಲ್ಲರ ಕಾಲೂ ಪೂರ್ತಿ ಮರಳುತ್ತದೆ ಎಂದೂ ಇಲ್ಲ. ಆದರೆ ಮನೆಯಲ್ಲಿ ಯಾರದಾದರೂ ಒಂದೇ ಕೈ, ಒಂದೇ ಕಾಲು ಸೋಲುತ್ತಿದ್ದರೆ, ಜೋಮು ಬಿಡದಿದ್ದರೆ, ತಾನಾಗಿ ಅದುರುತ್ತಿದ್ದರೆ, ತಲೆಯ ಒಂದೇ ಕಡೆ ಮತ್ತೆ ಮತ್ತೆ ನೋಯುತ್ತಿದ್ದರೆ, ವಯಸ್ಸು, ಕೆಲಸ, ಕುರ್ಚಿ, ಯಂತ್ರ ಎಂದು ಯಾವುದರ ಮೇಲೋ ಹಾಕಿ ಸುಮ್ಮನಾಗಬೇಡಿ. ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಇದ್ದಕ್ಕಿದ್ದಂತೆ ಕೈಕಾಲು ಬಿದ್ದುಹೋದರೆ, ಮಾತು ತೊದಲಿದರೆ, ಸಿಡಿಯುವಂಥ ತಲೆನೋವು ಬಂದರೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೊರಡಿ. ಹೆದರಿಕೆಯಿದ್ದರೆ ಡಾಕ್ಟರನ್ನು ಕೇಳಿ, ಕೇಳದೆ ವಾಪಸ್ ಬರಬೇಡಿ.

"ಪರವಾಗಿಲ್ಲ" ಎನ್ನುವವರನ್ನು ನಂಬಬೇಡಿ, ಅವರು ನಿಮ್ಮನ್ನು ನೋಯಿಸಬಾರದೆಂದು ಹಾಗೆನ್ನುತ್ತಾರೆ. ಈಗ ಈ ಹಾಳೆಯನ್ನು ಕೆಳಗಿಟ್ಟು ಬಾಗಿಲ ಬಳಿ ಹೋಗಿ. ನಿಮ್ಮ ಮನೆಯವರ ಚಪ್ಪಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ.